ಟರ್ಮಿನೇಟರ್ ಚಲನಚಿತ್ರ ಸರಣಿ ಮತ್ತು ಅಭಿಮಾನಿಗಳ ಭಿನ್ನಾಭಿಪ್ರಾಯ

ಟರ್ಮಿನೇಟರ್ ಎಂಬುದು ಅಮೆರಿಕದ ಒಂದು ವೈಜ್ಞಾನಿಕ ಕಲ್ಪನಾ ಚಲನಚಿತ್ರ ಸರಣಿಯಾಗಿದೆ. ಜೇಮ್ಸ್ ಕ್ಯಾಮೆರಾನ್ ಮತ್ತು ಗೇಲ್ ಆ್ಯನ್ ಹರ್ಡ್ ಇದರ ಮೂಲ ರೂವಾರಿಗಳು. 1984ರಿಂದ 2019ರವರೆಗಿನ 35 ವರ್ಷಗಳಲ್ಲಿ ಈ ಸರಣಿಯಲ್ಲಿ ಆರು ಚಲನಚಿತ್ರಗಳು ತೆರೆಕಂಡಿವೆ. ಮೊದಲ ಎರಡು ಚಿತ್ರಗಳು ವಿಮರ್ಶಕರ ಹಾಗೂ ಪ್ರೇಕ್ಷಕರ ಮೆಚ್ಚುಗೆಯನ್ನು ಸಮಾನವಾಗಿ ಗಳಿಸಿದರೆ, ಅನಂತರದ ನಾಲ್ಕು ಚಿತ್ರಗಳ ಬಗ್ಗೆ ಅಭಿಮಾನಿಗಳಲ್ಲಿ ತೀವ್ರ ನಿರಾಶೆಯೂ ಭಿನ್ನಮತವೂ ಮೂಡಿದವು. ಸರಣಿಯ ಆರನೆಯ ಚಿತ್ರವಾದ 'ಟರ್ಮಿನೇಟರ್: ಡಾರ್ಕ್ ಫೇಟ್' ಕನ್ನಡ ಭಾಷೆಗೂ ಡಬ್ ಆಗಿ 2019ರ ನವೆಂಬರ್‌ನಲ್ಲಿ ಬಿಡುಗಡೆಯಾದುದರಿಂದ ಕನ್ನಡ ಪ್ರೇಕ್ಷಕರ ಮಟ್ಟಿಗೆ ಈ ಸರಣಿಗೆ ವಿಶೇಷ ಮಹತ್ತ್ವವಿದೆ.

ಕಥಾವಸ್ತು

ಸರಣಿಯ ಮೂಲ ಕಥೆ ಸರಳವಾದುದು. ಮುಂದೊಂದು ದಿನ 'ಸ್ಕೈನೆಟ್' ಎಂಬ ಗಣಕಯಂತ್ರ ವ್ಯವಸ್ಥೆಯು ಸ್ವಂತ ಪ್ರಜ್ಞೆಯನ್ನು ಪಡೆದು, ಅಣ್ವಸ್ತ್ರಗಳನ್ನು ಸಿಡಿಸಿ, ಮನುಕುಲದ ಬಹುಭಾಗವನ್ನು ನಾಶಮಾಡುತ್ತದೆ. ಉಳಿದ ಮನುಷ್ಯರನ್ನು ಒಗ್ಗೂಡಿಸಿ ಯಂತ್ರಗಳ ವಿರುದ್ಧ ಹೋರಾಡುವ ನಾಯಕ ಜಾನ್ ಕಾನರ್. ಅವನು ಹುಟ್ಟದಂತೆ ಮಾಡುವ ಉದ್ದೇಶದಿಂದ ಸ್ಕೈನೆಟ್ 2029ರಿಂದ 1984ನೆಯ ಇಸವಿಗೆ ಒಂದು ಕೊಲೆಗಾರ ಯಂತ್ರಮಾನವನನ್ನು ಕಳುಹಿಸುತ್ತದೆ. ಜಾನ್‌ನ ತಾಯಿಯಾಗಲಿರುವ ಸಾರಾ ಕಾನರ್‌ಳನ್ನು ರಕ್ಷಿಸಲು ಕೈಲ್ ರೀಸ್ ಎಂಬ ಸೈನಿಕನೂ ಅದೇ ಕಾಲಕ್ಕೆ ಬರುತ್ತಾನೆ. ಅವನೇ ಜಾನ್‌ನ ತಂದೆಯೂ ಆಗುತ್ತಾನೆ. ಭವಿಷ್ಯವೇ ಭೂತಕಾಲವನ್ನು ಹೆರುವ ಈ ವಿಚಿತ್ರ ಚಕ್ರವೇ ಕಥೆಯ ಆಕರ್ಷಣೆ. ಮುಂದಿನ ಚಿತ್ರಗಳಿಗೆ ಅದೇ ತೊಡಕೂ ಆಯಿತು.

ಮೊದಲ ಎರಡು ಚಿತ್ರಗಳು

'ದ ಟರ್ಮಿನೇಟರ್' 1984ರ ಅಕ್ಟೋಬರ್ 26ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಸುಮಾರು 64 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಈ ಚಿತ್ರವು ಸುಮಾರು 7.8 ಕೋಟಿ ಡಾಲರ್ ಗಳಿಸಿತು. ಯಂತ್ರಮಾನವನಾಗಿ ಆರ್ನಾಲ್ಡ್ ಶ್ವಾರ್ಜ್‌ನೆಗರ್, ಸಾರಾಳಾಗಿ ಲಿಂಡಾ ಹ್ಯಾಮಿಲ್ಟನ್ ಮತ್ತು ರೀಸ್‌ನಾಗಿ ಮೈಕಲ್ ಬೀನ್ ನಟಿಸಿದರು. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಈ ಚಿತ್ರಕ್ಕೆ ಸ್ಥಾನ ದೊರೆಯಿತು.

1991ರ ಜುಲೈನಲ್ಲಿ ಬಂದ 'ಟರ್ಮಿನೇಟರ್ 2: ಜಡ್ಜ್‌ಮೆಂಟ್ ಡೇ' ಚಿತ್ರದಲ್ಲಿ ಕ್ಯಾಮೆರಾನ್ ಕಥೆಯನ್ನು ತಿರುವುಮುರುವು ಮಾಡಿದರು. ಹಿಂದೆ ಕೊಲ್ಲಲು ಬಂದ ಮಾದರಿಯ ಯಂತ್ರವೇ ಈಗ ಬಾಲಕ ಜಾನ್‌ನ ಕಾವಲುಗಾರ. ದ್ರವಲೋಹದಿಂದಾದ ಟಿ-1000 ಅವನ ವೈರಿ. ಗಣಕಯಂತ್ರದ ನೆರವಿನಿಂದ ರಚಿಸಿದ ದ್ರವಲೋಹದ ದೃಶ್ಯಗಳು ಚಲನಚಿತ್ರ ತಂತ್ರಜ್ಞಾನದಲ್ಲಿ ಹೊಸ ಹಾದಿಯನ್ನು ತೆರೆದವು. ಚಿತ್ರವು ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಆ ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ಹಣ ಗಳಿಸಿದ ಚಿತ್ರವೂ ಇದೇ ಆಗಿತ್ತು.

ಈ ಚಿತ್ರದ ಕಥೆಯಂತೆ ಪ್ರಳಯದ ದಿನ 1997ರ ಆಗಸ್ಟ್ 29. ಸಾರಾ, ಜಾನ್ ಮತ್ತು ಕಾವಲು ಯಂತ್ರ ಸೇರಿ ಸ್ಕೈನೆಟ್‌ನ ಬೀಜವನ್ನೇ ನಾಶಮಾಡುತ್ತಾರೆ. ಕಡೆಗೆ ಯಂತ್ರವು ತನ್ನನ್ನೂ ಕಾದ ಲೋಹದ ಕುಲುಮೆಗೆ ಒಪ್ಪಿಸಿಕೊಳ್ಳುತ್ತದೆ. ವಿಧಿಲಿಖಿತವೆಂಬುದು ಇಲ್ಲ, ಮನುಷ್ಯನು ತನ್ನ ಮುಂದಿನ ಕಾಲವನ್ನು ತಾನೇ ರೂಪಿಸಿಕೊಳ್ಳಬಲ್ಲನು ಎಂಬುದು ಚಿತ್ರದ ಸಾರ. ವೃದ್ಧೆಯಾದ ಸಾರಾ ಉದ್ಯಾನದಲ್ಲಿ ನೆಮ್ಮದಿಯಾಗಿ ಕುಳಿತಿರುವ ಮುಕ್ತಾಯವೊಂದನ್ನು ಚಿತ್ರೀಕರಿಸಲಾಗಿತ್ತಾದರೂ ಅದನ್ನು ಕೈಬಿಟ್ಟು, ಕತ್ತಲೆಯ ರಸ್ತೆಯೊಂದು ಮುಂದೆ ಸಾಗುತ್ತಿರುವ ದೃಶ್ಯದೊಂದಿಗೆ ಚಿತ್ರವನ್ನು ಮುಗಿಸಲಾಯಿತು. ಈ ಆಯ್ಕೆಯೇ ಮುಂದಿನ ವಾದಗಳ ಮೂಲವೆನ್ನಬಹುದು. ಕಥೆ ಇಲ್ಲಿಗೆ ಪೂರ್ಣಗೊಂಡಿತು ಎನ್ನುವವರಿಗೂ, ಕಥೆಗೆ ಬಾಗಿಲು ತೆರೆದೇ ಇತ್ತು ಎನ್ನುವವರಿಗೂ ಇದೇ ಚಿತ್ರ ಆಧಾರವಾಗಿದೆ.

ಅನಂತರದ ಚಿತ್ರಗಳು ಮತ್ತು ಆಕ್ಷೇಪಣೆಗಳು

'ಟರ್ಮಿನೇಟರ್ 3: ರೈಸ್ ಆಫ್ ದ ಮಷೀನ್ಸ್' (2003) ಚಿತ್ರವನ್ನು ಜೊನಾಥನ್ ಮಾಸ್ಟೊ ನಿರ್ದೇಶಿಸಿದರು. ಕ್ಯಾಮೆರಾನ್ ಇದರಲ್ಲಿ ಭಾಗವಹಿಸಲಿಲ್ಲ; ಲಿಂಡಾ ಹ್ಯಾಮಿಲ್ಟನ್ ನಟಿಸಲು ಒಪ್ಪಲಿಲ್ಲ. ಸಾರಾ ರಕ್ತದ ಕ್ಯಾನ್ಸರಿನಿಂದ ಮರಣಹೊಂದಿದಳೆಂದು ಕಥೆಯಲ್ಲಿ ಹೇಳಲಾಯಿತು. ಪ್ರಳಯವನ್ನು ಮುಂದೂಡಬಹುದೇ ಹೊರತು ತಪ್ಪಿಸಲಾಗದು ಎಂಬುದು ಈ ಚಿತ್ರದ ನಿಲುವು. ಎರಡನೆಯ ಚಿತ್ರದ ಆಶಯವನ್ನೇ ಇದು ಅಳಿಸಿಹಾಕಿತೆಂದು ಅನೇಕ ಅಭಿಮಾನಿಗಳು ಆಕ್ಷೇಪಿಸಿದರು. ಇನ್ನು ಕೆಲವರು, ಅಣ್ವಸ್ತ್ರಗಳು ನಿಜವಾಗಿಯೂ ಸಿಡಿಯುವ ಅದರ ಮುಕ್ತಾಯವನ್ನು ಧೈರ್ಯದ ನಡೆಯೆಂದು ಹೊಗಳಿದರು.

'ಟರ್ಮಿನೇಟರ್ ಸಾಲ್ವೇಶನ್' (2009) ಪ್ರಳಯಾನಂತರದ 2018ನೆಯ ಇಸವಿಯಲ್ಲಿ ನಡೆಯುತ್ತದೆ. ಮ್ಯಾಕ್‌ಜಿ ನಿರ್ದೇಶನದ ಈ ಚಿತ್ರದಲ್ಲಿ ಕ್ರಿಶ್ಚಿಯನ್ ಬೇಲ್ ನಾಯಕ. ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ಶ್ವಾರ್ಜ್‌ನೆಗರ್ ಚಿತ್ರದಲ್ಲಿ ನಟಿಸಲಿಲ್ಲ. ಅವರ ಮುಖವನ್ನು ಗಣಕಯಂತ್ರದಿಂದ ರಚಿಸಿ ಬಳಸಲಾಯಿತು. ಮೊದಲು ಯೋಜಿಸಿದ್ದ ಮುಕ್ತಾಯವು ಬಿಡುಗಡೆಗೆ ಮುನ್ನವೇ ಬಹಿರಂಗವಾದುದರಿಂದ ಅದನ್ನು ಬದಲಾಯಿಸಬೇಕಾಯಿತು. ಭವಿಷ್ಯದ ಯುದ್ಧವನ್ನು ಕಣ್ಣಾರೆ ನೋಡಬೇಕೆಂದು ವರ್ಷಗಟ್ಟಲೆ ಹಂಬಲಿಸಿದ್ದ ಅಭಿಮಾನಿಗಳಿಗೆ, ಕಲ್ಪಿಸಿಕೊಂಡ ಯುದ್ಧಕ್ಕಿಂತ ತೆರೆಯ ಮೇಲಿನ ಯುದ್ಧ ಸಪ್ಪೆಯಾಗಿ ತೋರಿತು.

'ಟರ್ಮಿನೇಟರ್ ಜೆನಿಸಿಸ್' (2015) 1984ರ ಘಟನೆಗಳಿಗೇ ಮರಳಿ, ಅವನ್ನು ಬೇರೊಂದು ಕಾಲರೇಖೆಯಲ್ಲಿ ಮರುರಚಿಸಿತು. ಮನುಕುಲದ ರಕ್ಷಕನಾದ ಜಾನ್ ಕಾನರ್ ಇಲ್ಲಿ ಯಂತ್ರವಾಗಿ ಮಾರ್ಪಟ್ಟು ಖಳನಾಗುತ್ತಾನೆ. ಈ ತಿರುವನ್ನು ಪ್ರಚಾರದ ತುಣುಕಿನಲ್ಲಿಯೇ ತೋರಿಸಿಬಿಟ್ಟದ್ದು ಮತ್ತಷ್ಟು ಅಸಮಾಧಾನಕ್ಕೆ ಕಾರಣವಾಯಿತು. ಬಿಡುಗಡೆಗೆ ಮುನ್ನ ಚಿತ್ರವನ್ನು ಹೊಗಳಿದ್ದ ಕ್ಯಾಮೆರಾನ್ ಅನಂತರ ಆ ಹೊಗಳಿಕೆಯಿಂದ ಹಿಂದೆ ಸರಿದರು. ಯೋಜಿಸಿದ್ದ ಮುಂದಿನ ಎರಡು ಭಾಗಗಳನ್ನು ಕೈಬಿಡಲಾಯಿತು.

ಡಾರ್ಕ್ ಫೇಟ್ ವಿವಾದ

2019ರ 'ಟರ್ಮಿನೇಟರ್: ಡಾರ್ಕ್ ಫೇಟ್' ಚಿತ್ರಕ್ಕೆ ಕ್ಯಾಮೆರಾನ್ ನಿರ್ಮಾಪಕರಾಗಿ ಮರಳಿದರು, ಟಿಮ್ ಮಿಲ್ಲರ್ ನಿರ್ದೇಶಿಸಿದರು. 28 ವರ್ಷಗಳ ಬಳಿಕ ಲಿಂಡಾ ಹ್ಯಾಮಿಲ್ಟನ್ ತೆರೆಯ ಮೇಲೆ ಸಾರಾಳಾಗಿ ಕಾಣಿಸಿಕೊಂಡರು. ಮೂರು, ನಾಲ್ಕು ಮತ್ತು ಐದನೆಯ ಚಿತ್ರಗಳು ನಡೆದೇ ಇಲ್ಲವೆಂದು ಭಾವಿಸಿ, ಎರಡನೆಯ ಚಿತ್ರದ ನೇರ ಮುಂದುವರಿಕೆಯಾಗಿ ಕಥೆಯನ್ನು ಹೆಣೆಯಲಾಗಿತ್ತು. ಆದ್ದರಿಂದ ಹಳೆಯ ಅಭಿಮಾನಿಗಳ ನಿರೀಕ್ಷೆ ಹೆಚ್ಚಾಗಿತ್ತು.

ಆದರೆ ಚಿತ್ರದ ಮೊದಲ ಕೆಲವು ನಿಮಿಷಗಳಲ್ಲಿಯೇ ಬಾಲಕ ಜಾನ್ ಕಾನರ್ ಮತ್ತೊಂದು ಯಂತ್ರದ ಗುಂಡಿಗೆ ಬಲಿಯಾಗುತ್ತಾನೆ. ಅವನ ಸ್ಥಾನಕ್ಕೆ ಮೆಕ್ಸಿಕೋದ ಡ್ಯಾನಿ ರಾಮೋಸ್ ಎಂಬ ಕಾರ್ಮಿಕ ಯುವತಿಯೂ, ಸ್ಕೈನೆಟ್‌ನ ಸ್ಥಾನಕ್ಕೆ 'ಲೀಜನ್' ಎಂಬ ಹೊಸ ವ್ಯವಸ್ಥೆಯೂ ಬರುತ್ತವೆ. ಈ ಒಂದು ದೃಶ್ಯವೇ ಅಭಿಮಾನಿಗಳನ್ನು ಎರಡು ಬಣಗಳಾಗಿ ಒಡೆಯಿತು. ಹಿಂದಿನ ಎರಡು ಚಿತ್ರಗಳ ಸಮಸ್ತ ತ್ಯಾಗವೂ ಯಾರ ಉಳಿವಿಗಾಗಿತ್ತೋ ಅವನನ್ನೇ ಕೊಂದ ಮೇಲೆ ಆ ತ್ಯಾಗಕ್ಕೆ ಅರ್ಥವೇನು ಎಂದು ಒಂದು ಬಣ ಕೇಳಿತು. ಸಾರಾ ಮತ್ತು ಜಾನ್ ಸ್ಕೈನೆಟ್‌ಅನ್ನು ತಡೆದು ಕೋಟ್ಯಂತರ ಜೀವಗಳನ್ನು ಆಗಲೇ ಉಳಿಸಿದ್ದರು, ಜಾನ್‌ನ ಸಾವು ಆ ಸಾಧನೆಯನ್ನು ಅಳಿಸದು ಎಂಬುದು ಇನ್ನೊಂದು ಬಣದ ಉತ್ತರ. ಮೂವರು ಸ್ತ್ರೀಯರು ಕಥೆಯ ಕೇಂದ್ರದಲ್ಲಿರುವುದನ್ನೂ ಕೆಲವರು ಟೀಕಿಸಿದರು. ಸರಣಿಯ ಆರಂಭದಿಂದಲೂ ಸಾರಾ ಎಂಬ ಸ್ತ್ರೀಯೇ ಕೇಂದ್ರವಾಗಿದ್ದಳೆಂಬ ವಾಸ್ತವಾಂಶ ಈ ಟೀಕೆಯನ್ನು ದುರ್ಬಲಗೊಳಿಸುತ್ತದೆ.

ವಿಮರ್ಶಕರು ಹಿಂದಿನ ಎರಡು ಚಿತ್ರಗಳಿಗಿಂತ ಇದನ್ನು ಹೆಚ್ಚು ಮೆಚ್ಚಿದರೂ ಗಲ್ಲಾಪೆಟ್ಟಿಗೆಯಲ್ಲಿ ಚಿತ್ರ ಸೋತಿತು. ಸುಮಾರು 18.5 ಕೋಟಿ ಡಾಲರಿಗೂ ಮೀರಿದ ವೆಚ್ಚದ ಈ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 26.1 ಕೋಟಿ ಡಾಲರ್ ಮಾತ್ರ. ಚಿತ್ರಮಂದಿರಗಳ ಪಾಲು ಮತ್ತು ಪ್ರಚಾರದ ವೆಚ್ಚವನ್ನು ಕಳೆದರೆ ಇದು ದೊಡ್ಡ ನಷ್ಟವೇ. ಹಳೆಯ ಕಲಾವಿದರನ್ನು ಮರಳಿ ಕರೆತಂದುದರಿಂದ ಚಿತ್ರವು ಹೊಸ ಪೀಳಿಗೆಗೆ ಅಜ್ಜಂದಿರ ಕಾಲದ್ದಾಗಿ ತೋರಿತೆಂಬ ಅರ್ಥದ ಮಾತನ್ನು ಕ್ಯಾಮೆರಾನ್ ಮುಂದೆ ಆಡಿದರು.

ಭಿನ್ನಮತದ ಕಾರಣಗಳು

ಹಕ್ಕುಸ್ವಾಮ್ಯದ ಕೈಬದಲಾವಣೆ: ಮೊದಲ ಚಿತ್ರವನ್ನು ತಾವೇ ನಿರ್ದೇಶಿಸಬೇಕೆಂಬ ಷರತ್ತಿನ ಮೇಲೆ ಕ್ಯಾಮೆರಾನ್ ಕಥೆಯ ಹಕ್ಕನ್ನು ಗೇಲ್ ಆ್ಯನ್ ಹರ್ಡ್ ಅವರಿಗೆ ಕೇವಲ ಒಂದು ಡಾಲರಿಗೆ ಮಾರಿದ್ದರು. ಎರಡನೆಯ ಚಿತ್ರವನ್ನು ತಯಾರಿಸಿದ ಕ್ಯಾರೊಲ್ಕೊ ಸಂಸ್ಥೆ ದಿವಾಳಿಯಾಯಿತು. ಅನಂತರ ಹಕ್ಕನ್ನು ಕೊಂಡು ನಾಲ್ಕನೆಯ ಚಿತ್ರವನ್ನು ತಯಾರಿಸಿದ ಹ್ಯಾಲ್ಸಿಯನ್ ಸಂಸ್ಥೆಯೂ ದಿವಾಳಿಯಾಗಿ, 2010ರಲ್ಲಿ ಹಕ್ಕುಗಳು ಹರಾಜಾದವು. ಹೀಗೆ ಹೊಸ ಒಡೆಯರು ಬಂದಾಗಲೆಲ್ಲ ಹೊಸ ತ್ರಿವಳಿಯೊಂದನ್ನು ಘೋಷಿಸಿದರು. ಒಂದು ಚಿತ್ರದ ಬಳಿಕ ಅದು ನಿಂತುಹೋಯಿತು. ಪ್ರೇಕ್ಷಕನಿಗೆ ಆರಂಭಗಳೇ ದೊರೆತವು, ಮುಕ್ತಾಯ ದೊರೆಯಲಿಲ್ಲ.

ಕಾಲಪ್ರಯಾಣದ ತೊಡಕು: ಕಾಲದಲ್ಲಿ ಹಿಂದೆ ಹೋಗಿ ಯಾವುದನ್ನು ಬೇಕಾದರೂ ಬದಲಾಯಿಸಬಹುದಾದರೆ ಯಾವ ಗೆಲುವೂ ಸ್ಥಿರವಲ್ಲ, ಯಾವ ಸಾವೂ ಅಂತಿಮವಲ್ಲ. ಆಗ ಪಾತ್ರಗಳ ಸುಖದುಃಖಗಳಲ್ಲಿ ಪ್ರೇಕ್ಷಕನ ಪಾಲುಗಾರಿಕೆ ಕುಗ್ಗುತ್ತದೆ.

ಹಿಂದಿನದನ್ನು ರದ್ದುಗೊಳಿಸುವ ಪದ್ಧತಿ: ಕಥೆಯ ಮರುನಿರೂಪಣೆ ಕನ್ನಡ ಓದುಗರಿಗೆ ಹೊಸದಲ್ಲ. ಪಂಪನು ಅರ್ಜುನನನ್ನು ನಾಯಕನನ್ನಾಗಿಸಿ, ದ್ರೌಪದಿಯನ್ನು ಅವನೊಬ್ಬನಿಗೇ ಪತ್ನಿಯಾಗಿಸಿ ಭಾರತವನ್ನು ಹೇಳಿದನು. ರನ್ನನು ಭೀಮನನ್ನು ನಾಯಕನನ್ನಾಗಿಸಿದನು. ಆದರೆ ಅವರಾರೂ ವ್ಯಾಸಭಾರತ ನಡೆದೇ ಇಲ್ಲವೆಂದು ಸಾರಲಿಲ್ಲ. ಒಂದು ಕಥನದ ಪಕ್ಕದಲ್ಲಿ ಇನ್ನೊಂದು ನಿಂತಿತು. ಟರ್ಮಿನೇಟರ್ ಸರಣಿಯಲ್ಲಾದರೋ ಹೊಸ ಚಿತ್ರವು ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ನಿಲ್ಲಲು ಯತ್ನಿಸುತ್ತದೆ. ಅಭಿಮಾನಿಯ ಅಸಮಾಧಾನವು ಬಹುಮಟ್ಟಿಗೆ ಬದಲಾವಣೆಯ ವಿರುದ್ಧವಲ್ಲ. ತಾನು ಹಣ ಮತ್ತು ಮನಸ್ಸು ಎರಡನ್ನೂ ಕೊಟ್ಟು ನೋಡಿದ್ದು ಲೆಕ್ಕಕ್ಕಿಲ್ಲವೆಂದು ಹೇಳಿಸಿಕೊಳ್ಳುವುದರ ವಿರುದ್ಧ.

ಕನ್ನಡದಲ್ಲಿ

ಮೊದಲ ಐದು ಚಿತ್ರಗಳು ಬಂದ ಕಾಲದಲ್ಲಿ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ರೂಢಿ ಇರಲಿಲ್ಲ. 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರ ಮುಂದಾಳ್ತನದಲ್ಲಿ ನಡೆದ ಚಳವಳಿಯ ಫಲವಾಗಿ ಡಬ್ಬಿಂಗ್ ನಿಂತಿತ್ತು. ಕನ್ನಡ ಚಿತ್ರರಂಗದ ಕಲಾವಿದರಿಗೂ ತಂತ್ರಜ್ಞರಿಗೂ ಆಗ ಅದು ರಕ್ಷಣೆಯಾಯಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ನೀಡಿತು. 2017ರ ಮಾರ್ಚ್‌ನಲ್ಲಿ 'ಸತ್ಯದೇವ್ ಐಪಿಎಸ್' ಎಂಬ ಡಬ್ ಆದ ಚಿತ್ರ ವಿರೋಧದ ನಡುವೆಯೇ ತೆರೆಗೆ ಬಂದಿತು. 'ಡಾರ್ಕ್ ಫೇಟ್' ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳ ಜೊತೆಗೆ ಕನ್ನಡದಲ್ಲಿಯೂ ಬಿಡುಗಡೆಯಾದುದು ಈ ಹಿನ್ನೆಲೆಯಲ್ಲಿ. ಬಿಡುಗಡೆಯ ದಿನವಾದ ನವೆಂಬರ್ 1 ಕನ್ನಡ ರಾಜ್ಯೋತ್ಸವದ ದಿನವೂ ಹೌದು.

ಆದ್ದರಿಂದ ಕನ್ನಡ ಪ್ರೇಕ್ಷಕರ ಅನುಭವ ಅಮೆರಿಕದ ಅಭಿಮಾನಿಗಳ ಅನುಭವಕ್ಕಿಂತ ಭಿನ್ನವಾದುದು. ಇಂಗ್ಲಿಷ್ ಬಲ್ಲ ನಗರವಾಸಿಗಳು ಹಿಂದಿನ ಚಿತ್ರಗಳನ್ನು ಮೂಲದಲ್ಲಿಯೇ ನೋಡಿದ್ದರು. ದಖನಿ ಉರ್ದು ದಿನಬಳಕೆಯಲ್ಲಿರುವ ವಿಜಯಪುರ ನಗರದಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪದ ತಿಕೋಟಾ, ಬಬಲೇಶ್ವರಗಳಂತಹ ಊರುಗಳಲ್ಲಿ ಹಾಲಿವುಡ್ ಚಿತ್ರಗಳ ಪರಿಚಯಕ್ಕೆ ಟಿವಿಯ ಹಿಂದಿ ಅವತರಣಿಕೆಗಳು ಮುಖ್ಯ ದಾರಿಯಾಗಿದ್ದವು. ಕನ್ನಡವೊಂದನ್ನೇ ಬಲ್ಲವರಿಗೆ ಈ ಎರಡೂ ದಾರಿಗಳು ಪೂರ್ತಿಯಾಗಿ ತೆರೆದಿರಲಿಲ್ಲ. ಅಂಥವರಿಗೆ ಸರಣಿಯ ಮೊದಲ ಮಾತು ಕೇಳಿಸಿದ್ದೇ ಆರನೆಯ ಚಿತ್ರದಲ್ಲಿ. ಜಾನ್ ಕಾನರ್ ಯಾರೆಂದು ಅರಿಯುವ ಮೊದಲೇ ಅವನ ಸಾವನ್ನು ನೋಡಿದ ಪ್ರೇಕ್ಷಕನಿಗೆ ಅದು ಕಥೆಯ ಒಂದು ಘಟನೆ ಮಾತ್ರ. ನಿರಾಶೆಯಾಗಲು ಮೊದಲು ನೆನಪು ಇರಬೇಕು.

ಈ ಅಂಶವನ್ನು ಡಬ್ಬಿಂಗ್ ಕುರಿತ ಎರಡೂ ಪಕ್ಷಗಳು ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು. ಯಂತ್ರಬುದ್ಧಿ, ಅಣುಯುದ್ಧಗಳಂತಹ ವಿಷಯಗಳ ಕಥೆಗಳು ತಮ್ಮ ನುಡಿಯಲ್ಲಿ ಸಕಾಲದಲ್ಲಿ ದೊರೆಯದಿದ್ದರೆ, ಲೋಕದ ಚರ್ಚೆಗೆ ಕನ್ನಡಿಗರು ತಡವಾಗಿ ಬಂದು ನಡುವಿನಿಂದ ಕೇಳಬೇಕಾಗುತ್ತದೆ ಎಂಬುದು ಡಬ್ಬಿಂಗ್ ಪರವಾದ ಮಾತು. ಸ್ವಂತ ವೈಜ್ಞಾನಿಕ ಕಥನಗಳನ್ನು ಬೆಳೆಸುವುದೇ ನಿಜವಾದ ಪರಿಹಾರವೆಂಬುದು ಎದುರು ಮಾತು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ವೈಜ್ಞಾನಿಕ ಸಾಹಿತ್ಯವನ್ನು ಬೆಳೆಸಿದ್ದಾರೆ. ಉಪೇಂದ್ರ ಯಂತ್ರಮಾನವನಾಗಿಯೂ ನಟಿಸಿದ 'ಹಾಲಿವುಡ್' ಚಿತ್ರ 2002ರಷ್ಟು ಹಿಂದೆಯೇ ಬಂದಿತ್ತು. ಆದರೂ ಕನ್ನಡದಲ್ಲಿ ಇಂಥ ಚಿತ್ರಗಳ ಸಂಖ್ಯೆ ಕಡಿಮೆ.

ಇತರ ಮಾಧ್ಯಮಗಳು

ಸಾರಾ ಮತ್ತು ಜಾನ್‌ರ ಬದುಕನ್ನು ಆಧರಿಸಿದ 'ದ ಸಾರಾ ಕಾನರ್ ಕ್ರಾನಿಕಲ್ಸ್' ಎಂಬ ದೂರದರ್ಶನ ಧಾರಾವಾಹಿ 2008–09ರಲ್ಲಿ ಎರಡು ಆವೃತ್ತಿಗಳಲ್ಲಿ ಪ್ರಸಾರವಾಗಿ ನಿಂತಿತು. ಚಲನಚಿತ್ರಗಳಿಗಿಂತ ಇದೇ ಮೂಲ ಆಶಯಕ್ಕೆ ಹತ್ತಿರವಾಗಿತ್ತೆಂದು ಅನೇಕ ಅಭಿಮಾನಿಗಳು ಭಾವಿಸುತ್ತಾರೆ. ಜಪಾನನ್ನು ಹಿನ್ನೆಲೆಯಾಗಿ ಉಳ್ಳ 'ಟರ್ಮಿನೇಟರ್ ಝೀರೋ' ಎಂಬ ಎಂಟು ಕಂತುಗಳ ಆ್ಯನಿಮೇಶನ್ ಸರಣಿಯನ್ನು ನೆಟ್‌ಫ್ಲಿಕ್ಸ್ 2024ರ ಆಗಸ್ಟ್ 29ರಂದು, ಅಂದರೆ ಕಥೆಯಲ್ಲಿನ ಪ್ರಳಯದಿನದ ತಾರೀಖಿನಂದೇ ಬಿಡುಗಡೆ ಮಾಡಿತು. ಇದರಲ್ಲಿ ಕಾನರ್ ಕುಟುಂಬವನ್ನು ಬಿಟ್ಟು ಹೊಸ ಪಾತ್ರಗಳ ಕಥೆಯನ್ನು ಹೇಳಲಾಗಿದೆ.