ಎಂಜಲು ತಂದ ಆಪತ್ತು

ಮುಸುಕಿನ ಜೋಳದ ಎಲೆಯನ್ನು ಮೆಲ್ಲುವ ಹಸುರು ಹುಳು ಎಲೆಯ ಬಣ್ಣದಲ್ಲಿಯೇ ಅಡಗಿರುತ್ತದೆ. ಆದರೂ ಎಳ್ಳುಕಾಳಿನಷ್ಟಿರುವ ಕೊಟೀಸಿಯಾ ಎಂಬ ಕಣಜವು ಅದನ್ನು ಅರಸಿ ಬಂದು, ಅದರ ಮೈಯೊಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. (ಔಷಧಿ ಎರಚುವ ನಾವು ಈ ಕಾವಲುಗಾರನನ್ನೂ ಕೊಲ್ಲುತ್ತೇವೆಂಬುದು ಬೇರೆ ಮಾತು.) ಕಣಜಕ್ಕೆ ದಾರಿ ತೋರಿದವರಾರು?

ಪೈರೇ! ಅಮೆರಿಕದ ಟರ್ಲಿಂಗ್ಸ್, ಟಮ್ಲಿನ್ಸನ್, ಲೂಯಿಸ್ ಎಂಬ ವಿಜ್ಞಾನಿಗಳು 1990ರಲ್ಲಿ ಇದನ್ನು ಪ್ರಕಟಿಸಿದರು. ಎಲೆಯನ್ನು ಬರಿದೆ ಗೀರಿದರೆ ಬಹುಮಟ್ಟಿಗೆ ಹಸಿ ಹುಲ್ಲಿನ ವಾಸನೆಯಷ್ಟೇ. ಗೀರಿದ ಗಾಯಕ್ಕೆ ಹುಳುವಿನ ಎಂಜಲನ್ನು ಸವರಿದಾಗಲೋ, ಕೆಲವು ಗಂಟೆಗಳ ತರುವಾಯ ಟರ್ಪೀನುಗಳ ಗಂಧ ಹೇರಳವಾಗಿ ಹೊಮ್ಮಿತು. ಕಣಜಗಳು ಅತ್ತ ಹಾರಿದವು. ಗಾಯಗೊಳ್ಳದ ಎಲೆಗಳೂ ಆ ಗಂಧವನ್ನು ಸೂಸುತ್ತವೆಂದು ಆಮೇಲೆ ತಿಳಿಯಿತು. 1997ರಲ್ಲಿ ಎಂಜಲಿನೊಳಗಿನ ವಸ್ತುವನ್ನು ಬೇರ್ಪಡಿಸಿ ವಾಲಿಸಿಟಿನ್ ಎಂದು ಹೆಸರಿಟ್ಟರು. ಅದರ ಒಂದು ಭಾಗವನ್ನು ಹುಳು ಪಡೆಯುವುದು ತಾನು ತಿಂದ ಎಲೆಯಿಂದಲೇ.