ಬಡ್ಡಿ ಇಲ್ಲದ ಸಾಲ

ಬೆಳಗಾಯಿತು. ನಾಡದೋಣಿ ದಡಕ್ಕೆ ಬಂತು. ಬಲೆಯಲ್ಲಿ ಬಂಗುಡೆ ಹೊಳೀತಾ ಉಂಟು. ರಾತ್ರಿಯಿಡೀ ಕಡಲಲ್ಲಿ ದುಡಿದವರು ಇಬ್ಬರು. ಆದರೆ ಮೀನಿಗೆ ಬೆಲೆ ಹೇಳುವವರು ಅವರಲ್ಲ, ದಡದಲ್ಲಿ ನಿಂತ ದಲ್ಲಾಳಿ. ಯಾಕೆ ಹೀಗೆ?

ಇದು ಶುರುವಾಗುವುದು ಮಳೆಗಾಲದಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಸಣ್ಣ ನಾಡದೋಣಿಗೆ ಈ ತಡೆ ಇಲ್ಲ. ಆದರೆ ಕಡಲು ಬಿಡಬೇಕಲ್ಲ! ಗಾಳಿ ಜೋರಾದರೆ ದೋಣಿ ದಡದಲ್ಲೇ. ಅದೇ ಹೊತ್ತಿಗೆ ಮಕ್ಕಳ ಶಾಲೆ ಶುರು. ಎಂಜಿನ್ ರಿಪೇರಿ ಆಗಬೇಕು. ಕೈಯಲ್ಲಿ ಕಾಸಿಲ್ಲ. ದಲ್ಲಾಳಿಯ ಹತ್ತಿರ ಹೋಗ್ತಾರೆ.

ದಲ್ಲಾಳಿ ಕಾಗದಪತ್ರ ಕೇಳುವುದಿಲ್ಲ. ಆಸ್ತಿ ಅಡವು ಕೇಳುವುದಿಲ್ಲ. ಬಡ್ಡಿಯನ್ನೂ ಕೇಳುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಮಗುವಿಗೆ ಜ್ವರ ಅಂದರೂ ಎದ್ದು ದುಡ್ಡು ಕೊಡ್ತಾರೆ. ಇದು ಸುಳ್ಳಲ್ಲ. ಅವರು ಕೇಳುವುದು ಒಂದೇ ಮಾತು: "ನಿನ್ನ ಮೀನು ನನಗೇ ಕೊಡಬೇಕು."

ಈ ಮಾತಿನ ಬೆಲೆ ಎಷ್ಟು? ನಮ್ಮ ಕಲಿಕಾ ಕೇಂದ್ರದಲ್ಲಿ ಗುಣಾಕಾರ ಕಲಿಯುವ ದಿನ ಒಬ್ಬ ಅಕ್ಕ ತಮ್ಮ ಮನೆಯ ಲೆಕ್ಕವನ್ನೇ ಹೇಳಿದರು. ನೀವೂ ಪೆನ್ಸಿಲ್ ಹಿಡಿಯಿರಿ.

ತಂದ ಮುಂಗಡ 60,000 ರೂಪಾಯಿ. ಬೇರೆಯವರು ಬಂಗುಡೆಗೆ ಕಿಲೋಗೆ 150 ಕೊಡುವಾಗ ದಲ್ಲಾಳಿ ಕೊಡೋದು 130. ಕಿಲೋಗೆ 20 ಕಮ್ಮಿ. ದಿನಕ್ಕೆ 20 ಕಿಲೋ ಮೀನು ಅಂದ್ರೆ 400 ರೂಪಾಯಿ. ತಿಂಗಳಲ್ಲಿ 20 ದಿನ ಕಡಲಿಗೆ ಹೋದರೆ 8,000. ಎಂಟು ತಿಂಗಳಿಗೆ 64,000.

ಅಕ್ಕ ಪೆನ್ಸಿಲ್ ಕೆಳಗಿಟ್ಟರು. "ತಂದದ್ದಕ್ಕಿಂತ ಜಾಸ್ತಿ ಹೋಯ್ತಲ್ಲ ಟೀಚರ್! ಸಾಲ ಎಷ್ಟು ತೀರಿತು?"

ಒಂದು ರೂಪಾಯಿಯೂ ಇಲ್ಲ. ಹೋದದ್ದೆಲ್ಲ ಬೆಲೆಯಲ್ಲಿ. ಅಸಲು ಹಾಗೇ ಉಂಟು. ಕಮಿಷನ್, ತೂಕದ ಮೋಸ ನಾವು ಸೇರಿಸಲೇ ಇಲ್ಲ.

ಅದೇ 60,000 ಬ್ಯಾಂಕಿನಿಂದ ತಂದರೆ? ಕಿಸಾನ್ ಕ್ರೆಡಿಟ್ ಕಾರ್ಡ್ ರೈತರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. 2018-19ರಿಂದ ಅದು ಮೀನುಗಾರರಿಗೂ ಉಂಟು. ಎಣ್ಣೆ, ಐಸು, ಕೂಲಿಯ ಖರ್ಚಿಗೆ ಸಾಲ ಸಿಗುತ್ತದೆ. ಬಡ್ಡಿ ವರ್ಷಕ್ಕೆ ನೂರಕ್ಕೆ 7, ಅಂದ್ರೆ 4,200 ರೂಪಾಯಿ. ಹೇಳಿದ ದಿನದೊಳಗೆ ತೀರಿಸಿದರೆ ನೂರಕ್ಕೆ 4, ಬರೀ 2,400. 2025ರ ಜನವರಿಯಿಂದ 2 ಲಕ್ಷದವರೆಗೆ ಆಸ್ತಿ ಅಡವು ಬೇಡ. ನಾಲ್ಕು ಸಲ ಅಲೆಯಬೇಕಾದೀತು. ಕಡಲಿಗೆ ಹೋಗುವ ದಿನವೂ ಹಾಳು. ಆದರೂ 64,000 ಎಲ್ಲಿ, 4,200 ಎಲ್ಲಿ?

ಹಳೆ ಸಾಲ ತೀರಿದರೂ ಹರಾಜು ದಲ್ಲಾಳಿಯ ಕೈಯಲ್ಲೇ ಇದ್ದರೆ ಕಷ್ಟ ತಪ್ಪದು. ಕೇರಳದ ಮರಿಯನಾಡಿನ ಮೀನುಗಾರರು ಇದನ್ನು ಬೇಗ ಕಂಡುಕೊಂಡರು. 1970ರ ಹೊತ್ತಿಗೆ ಅವರು ತಮ್ಮದೇ ಸಂಘ ಕಟ್ಟಿದ್ದರು. ದಡದಲ್ಲಿ ಹರಾಜು ಕೂಗುವವ ಸಂಘದ ಆಳು. ಮಾರಿದ ಹಣದಲ್ಲಿ ಒಂದು ಪಾಲು ಸಾಲಕ್ಕೆ, ಒಂದು ಪಾಲು ಉಳಿತಾಯಕ್ಕೆ ಅಲ್ಲೇ ಮುರಿಯುತ್ತಿದ್ದರು. ಹೆಚ್ಚು ಮೀನು ಸಿಕ್ಕ ದಿನ ಹೆಚ್ಚು ಕಂತು. ಬರಿಗೈಲಿ ಬಂದ ದಿನ ಕಂತೇ ಇಲ್ಲ. ಇಂಥ ಸಂಘಗಳೆಲ್ಲ ಸೇರಿ 1980ರಲ್ಲಿ ಒಕ್ಕೂಟವೂ ಆಯಿತು.

ಮರುದಿನ ಸಂಜೆ ಆ ಅಕ್ಕ ಒಂದು ಚೀಟಿ ತಂದರು. ದಲ್ಲಾಳಿ ಬರೆದುಕೊಟ್ಟ ಲೆಕ್ಕ. ಮೂರು ವರ್ಷದಿಂದ ಡಬ್ಬದಲ್ಲಿ ಇತ್ತಂತೆ. ಬೆರಳಿಟ್ಟು, ನಿಧಾನಕ್ಕೆ, ತಾವೇ ಓದಿದರು. ಒಂದು ಕಡೆ ಬೆರಳು ನಿಂತಿತು. "ಹಳೆ ಬಾಕಿ 3,000."

"ಇದನ್ನು ದೀಪಾವಳಿಗೆ ಮೊದಲೇ ಕೊಟ್ಟಾಗಿತ್ತು ಟೀಚರ್" ಅಂದರು. "ನಾಳೆ ಇವರನ್ನೂ ಕರ್ಕೊಂಡು ಹೋಗಿ ಕೇಳ್ತೇನೆ."