ಹೆಸರು ಬಿಟ್ಟುಕೊಟ್ಟಲ್ಲಿ ಹಗೆ ಕರಗುವುದು

ಉದ್ಯೋಗದಲ್ಲಿರುವವರು ಹಗಲಿನ ಬಹುಪಾಲನ್ನು ಕಳೆಯುವುದು ಮನೆಯವರೊಡನೆ ಅಲ್ಲ, ಸಹೋದ್ಯೋಗಿಗಳೊಡನೆ. ಶಾಲೆಯ ಸಿಬ್ಬಂದಿ ಕೊಠಡಿ, ಬ್ಯಾಂಕು, ಸಹಕಾರ ಸಂಘದ ಕಚೇರಿ, ಅಡಿಕೆ ಮಂಡಿ ಎಲ್ಲಿಯೇ ಆಗಲಿ, ನಾಲ್ಕು ಜನ ಕೂಡಿ ದುಡಿಯುವಲ್ಲಿ ಮನಸ್ತಾಪ ಹುಟ್ಟುವುದು ಸಹಜ. ಆದರೆ ನಾವು ಧರ್ಮಾಚರಣೆಯನ್ನು ಬಸದಿಗೂ ಮನೆಯ ಪೂಜೆಗೂ ಮೀಸಲಿಟ್ಟು, ದುಡಿಯುವ ಸ್ಥಳವನ್ನು ಅದರಿಂದ ಹೊರಗಿರಿಸಿದ್ದೇವೆ. ಕಷಾಯಗಳು ಮಾತ್ರ ಹೊರಗೆ ನಿಲ್ಲುವುದಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋದಾಗ ಅವೂ ನಮ್ಮೊಡನೆ ಒಳಗೆ ಬರುತ್ತವೆ.

ಕ್ರೋಧ, ಮಾನ, ಮಾಯೆ, ಲೋಭ ಎಂದು ಕಷಾಯಗಳು ನಾಲ್ಕು. ಜಗಳದಲ್ಲಿ ಕಣ್ಣಿಗೆ ಬೀಳುವುದು ಕ್ರೋಧ. ಆದರೆ ನನ್ನ ಅಧ್ಯಾಪಕ ವೃತ್ತಿಯಲ್ಲಿ ಕಂಡ ಜಗಳಗಳ ಬೇರು ಬಹುಮಟ್ಟಿಗೆ ಮಾನದಲ್ಲಿತ್ತು. ಇಲ್ಲಿ ಮಾನವೆಂದರೆ ಮರ್ಯಾದೆಯಲ್ಲ, ಅಹಂಕಾರ. ‘ದುಡಿದವನು ನಾನು, ಹೆಸರು ಪಡೆದವನು ಅವನು’ ಎಂಬ ಒಂದು ನೋವೇ ಒಳಗೊಳಗೆ ಕಾದು ಕ್ರೋಧವಾಗಿ ಹೊರಬೀಳುತ್ತದೆ.

10ನೆಯ ಶತಮಾನದಲ್ಲಿ ಬಾಳಿದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಕಷಾಯಗಳ ತೀವ್ರತೆಯನ್ನು ಉಪಮೆಗಳಿಂದ ತಿಳಿಸಿದ್ದಾರೆ. ಆ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಗಳು ಕನ್ನಡದಲ್ಲಿಯೇ ವೃತ್ತಿ ಬರೆದುದು ನಮ್ಮ ಭಾಗ್ಯ. ಕ್ರೋಧವು ಕಲ್ಲಿನ ಮೇಲಿನ ಗೆರೆಯಂತೆ, ನೆಲದ ಮೇಲಿನ ಗೆರೆಯಂತೆ, ಧೂಳಿನ ಗೆರೆಯಂತೆ, ನೀರಿನ ಗೆರೆಯಂತೆ ನಾಲ್ಕು ಬಗೆ. ಮಾನವೂ ಹಾಗೆಯೇ: ಕಲ್ಲು, ಎಲುಬು, ಮರ, ಬೆತ್ತ. ಕಲ್ಲು ಬಾಗದು, ಬೆತ್ತ ಬಾಗುತ್ತದೆ. ಶಾಲಾ ಮಾಸ್ತರನಾದ ನನಗೆ ಈ ಕೊನೆಯ ಉಪಮೆ ನಾಚಿಕೆ ತರಿಸುತ್ತದೆ. ನನ್ನ ಕೈಯಲ್ಲಿದ್ದ ಬೆತ್ತ ಬಾಗುತ್ತಿತ್ತು, ನಾನು ಬಾಗುತ್ತಿರಲಿಲ್ಲ.

ಕಷಾಯಗಳ ಸಂಸ್ಕಾರ ಮನಸ್ಸಿನಲ್ಲಿ ಉಳಿಯುವ ಅವಧಿಯನ್ನೂ ಅದೇ ಗ್ರಂಥ ಹೇಳುತ್ತದೆ. ಅತಿ ಸೌಮ್ಯವಾದ ಸಂಜ್ವಲನ ಕಷಾಯಕ್ಕೆ ಅಂತರ್ಮುಹೂರ್ತ, ಎಂದರೆ 48 ನಿಮಿಷಕ್ಕೂ ಕಡಿಮೆ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿದ್ದು ಅನಂತಾನುಬಂಧಿ, ಜನ್ಮಜನ್ಮಾಂತರಕ್ಕೂ ಬೆನ್ನುಹತ್ತುವಂಥದು. ಅಪ್ರತ್ಯಾಖ್ಯಾನಾವರಣ ಕಷಾಯ ಉದಯದಲ್ಲಿರುವಾಗ ಶ್ರಾವಕನಿಗೆ ಅಣುವ್ರತವೂ ನಿಜವಾಗಿ ನೆಲೆಸದು. ಈ ಲೆಕ್ಕವನ್ನು ಪುಸ್ತಕದಲ್ಲಿ ಓದುವುದು ಬೇರೆ, ತನ್ನ ಮೇಲೆ ಹಾಕಿಕೊಳ್ಳುವುದು ಬೇರೆ. ಅದನ್ನು ಹಾಕಿಕೊಳ್ಳಬೇಕಾಗಿ ಬಂದ ಪ್ರಸಂಗವೊಂದನ್ನು ಹೇಳುತ್ತೇನೆ.

ಸೊರಬ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನಿದ್ದಾಗ, ಒಂದು ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಚೆನ್ನಾಗಿ ಬಂದಿತು. ಜೂನ್ ತಿಂಗಳ ಮೊದಲ ಸಭೆಯಲ್ಲಿ ಓದಿದ ವರದಿಯಲ್ಲಿ, ಬೆಳಗಿನ ವಿಶೇಷ ತರಗತಿ ನಡೆಸಿದ ವಿಜ್ಞಾನದ ಮಾಸ್ತರರ ಹೆಸರಿತ್ತು. ಸಂಜೆಯ ತರಗತಿ ನಡೆಸಿದ ನನ್ನ ಹೆಸರಿರಲಿಲ್ಲ. ವರದಿ ಬರೆದವರು ಅವರಲ್ಲ. ಆದರೂ ನಾನು ಎದ್ದು ನಿಂತು, ‘ಬೆಳಿಗ್ಗೆ ಬಂದು ಹಾಜರಿ ಕೂಗಿದ ಮಾತ್ರಕ್ಕೆ ಪಾಠವಾಗುವುದಿಲ್ಲ’ ಎಂದುಬಿಟ್ಟೆ. ಅವರು ಮರುಮಾತಾಡಲಿಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು. ಹೇಳಬೇಕಾದುದನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿ ಕಳಿಸುತ್ತಿದ್ದೆವು. ಚಹಾದ ಹೊತ್ತಿಗೆ ಸಿಬ್ಬಂದಿ ಎರಡು ಗುಂಪಾದರು. ವಿಶೇಷ ತರಗತಿಗೆ ಇಬ್ಬರೂ ಒಂದೇ ವೇಳೆಯನ್ನು ಹಿಡಿದುಕೊಂಡು ಕುಳಿತೆವು. ಒಂದು ದಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, ‘ಸಾರ್, ಯಾರ ಕ್ಲಾಸಿಗೆ ಬರಲಿ? ಯಾರದಕ್ಕೆ ತಪ್ಪಿಸಿದರೆ ಬೈಯುವುದಿಲ್ಲ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಭಾದ್ರಪದದ ದಶಲಕ್ಷಣ ಪರ್ವ ಬಂದಿತು. ಮೊದಲ ದಿನ ಉತ್ತಮ ಕ್ಷಮೆ, ಮರುದಿನ ಉತ್ತಮ ಮಾರ್ದವ. ಪರ್ವ ಮುಗಿದು ಕ್ಷಮಾವಣಿಯ ದಿನ ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡಿ, ಹಗುರಾದ ಮನಸ್ಸಿನಿಂದ ಮನೆಗೆ ಬಂದೆ. ನನ್ನಾಕೆ ಕೇಳಿದಳು: ‘ಜಗಳವೇ ಇಲ್ಲದವರಿಗೆಲ್ಲ ಕೈಮುಗಿದು ಬಂದಿರಿ. ಶಿರಾಳಕೊಪ್ಪದ ಮೇಷ್ಟ್ರ ಮನೆಗೆ ಹೋಗಿದ್ದಿರಾ?’

ಆಗ ಲೆಕ್ಕ ಹಾಕಿದೆ. ಏಳು ಪಕ್ಷಗಳು ಉರುಳಿದ್ದವು. ಅಣುವ್ರತಿಯೆಂದು ಹೇಳಿಕೊಳ್ಳುತ್ತಿದ್ದ ನಾನು ಒಂದು ಪಕ್ಷದ ಗಡಿಯನ್ನು ಎಂದೋ ದಾಟಿದ್ದೆ. ಆರು ತಿಂಗಳ ಗಡಿ ದೂರವಿರಲಿಲ್ಲ. ಮರುದಿನ ಸಂಜೆಯ ಬಸ್ಸಿಗೆ ಶಿರಾಳಕೊಪ್ಪಕ್ಕೆ ಹೋದೆ. ‘ತಪ್ಪು ನನ್ನದು. ಸಭೆಯಲ್ಲಿ ಆಡಿದ ಮಾತನ್ನು ಸಭೆಯಲ್ಲಿಯೇ ಹಿಂತೆಗೆದುಕೊಳ್ಳುತ್ತೇನೆ’ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ‘ನೋವು ಒಂದೇ ದಿನಕ್ಕೆ ಹೋಗುವುದಿಲ್ಲ ಮೇಷ್ಟ್ರೇ. ಮೊದಲು ಆ ವೇಳಾಪಟ್ಟಿ ಸರಿಮಾಡೋಣ, ಮಕ್ಕಳು ಒದ್ದಾಡುತ್ತಿದ್ದಾರೆ.’ ಅಂದೇ ರಾತ್ರಿ ಅವರ ಮನೆಯ ಜಗಲಿಯಲ್ಲಿ ವಾರದ ದಿನಗಳನ್ನು ಹಂಚಿಕೊಂಡೆವು. ಸ್ನೇಹ ಮೊದಲಿನಂತಾಗಲು ಆ ವರ್ಷವೆಲ್ಲ ಹಿಡಿಯಿತು. ವೇಳಾಪಟ್ಟಿ ಮಾತ್ರ ಮರುದಿನವೇ ಸರಿಹೋಯಿತು.

ಹೆಸರಿನ ಹಂಬಲವನ್ನು ಗೆದ್ದವರ ಕಥೆಯೊಂದು ನಮ್ಮ ಸೀಮೆಯ ಶಾಸನದಲ್ಲಿಯೇ ಇದೆ. ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿಯ ಕುಬಟೂರು ಶಾಸನಗಳಲ್ಲಿ ಕುಪ್ಪಟೂರು. ಅದು ಆಗ ಹೆಸರಾದ ಅಗ್ರಹಾರ. 11ನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥ ಚೈತ್ಯಾಲಯದ ಪ್ರತಿಷ್ಠೆಯನ್ನು ಪದ್ಮನಂದಿ ಸಿದ್ಧಾಂತದೇವರಿಂದ ಮಾಡಿಸಿದಳು. ರಾಣಿಯಾದವಳು ಅದಕ್ಕೆ ತನ್ನ ಹೆಸರಿಡಬಹುದಿತ್ತು, ಪತಿಯ ಹೆಸರಿಡಬಹುದಿತ್ತು. ಅವಳು ಹಾಗೆ ಮಾಡದೆ, ಆ ಊರಿನ ಬ್ರಾಹ್ಮಣರನ್ನು ಸತ್ಕರಿಸಿ, ಬಸದಿಗೆ ಹೆಸರಿಡುವ ಗೌರವವನ್ನು ಅವರಿಗೇ ಕೊಟ್ಟಳು. ಅವರು ಇಟ್ಟ ಹೆಸರು ‘ಬ್ರಹ್ಮ ಜಿನಾಲಯ’. ತಾವೇ ಹೆಸರಿಟ್ಟ ಮಂದಿರವನ್ನು ಪರರದೆಂದು ಭಾವಿಸುವವರು ಯಾರು? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧರ ನೆಲೆಗಳು ಒಂದೇ ಪಟ್ಟಣದಲ್ಲಿದ್ದುದನ್ನು ಶಾಸನಗಳು ಹೇಳುತ್ತವೆ. ಅಂಥ ಸಹಬಾಳ್ವೆ ತಾನಾಗಿ ಬರುವುದಿಲ್ಲ; ಯಾರೋ ಒಬ್ಬರು ಮೊದಲು ತಮ್ಮ ಪಾಲಿನ ಹೆಸರನ್ನು ಬಿಟ್ಟುಕೊಡಬೇಕಾಗುತ್ತದೆ.

ಭರತ-ಬಾಹುಬಲಿಯರ ಕಥೆಯಲ್ಲಿಯೂ ದುಡಿಯುವವರಿಗೊಂದು ಪಾಠವಿದೆ. ಸೈನ್ಯಗಳೆರಡೂ ಎದುರುಬದುರಾದಾಗ ಮಂತ್ರಿಗಳು ಯೋಚಿಸಿದರು: ಅಣ್ಣತಮ್ಮಂದಿರ ಮಾನಕ್ಕಾಗಿ ಸೈನಿಕರೇಕೆ ಸಾಯಬೇಕು? ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಅವರಿಬ್ಬರ ನಡುವೆಯೇ ನಡೆದವು. ಕಚೇರಿಯ ಜಗಳದಲ್ಲಿ ನಾವು ಮೊದಲು ಮಾಡುವ ಕೆಲಸವೇ ಸೈನ್ಯ ಕಟ್ಟುವುದು. ಕ್ಯಾಂಟೀನಿನಲ್ಲಿ ಒಬ್ಬರ ಕಿವಿಗೆ, ವಾಟ್ಸ್ಆ್ಯಪಿನಲ್ಲಿ ಹತ್ತು ಜನರಿಗೆ ಮಾತು ಮುಟ್ಟಿಸುತ್ತೇವೆ, ಸಂಬಂಧಪಟ್ಟವರೊಬ್ಬರನ್ನು ಬಿಟ್ಟು. ಇಬ್ಬರ ವ್ಯಾಜ್ಯ ಇಬ್ಬರಲ್ಲಿಯೇ ಉಳಿದರೆ ಅರ್ಧ ಬಗೆಹರಿದಂತೆಯೇ. ಇಬ್ಬರಿಂದಾಗದಿದ್ದರೆ, ಆ ಮಂತ್ರಿಗಳಂತೆ ಎರಡೂ ಕಡೆಯ ಹಿತ ಬಯಸುವ ಹಿರಿಯರು ನಡುವೆ ಬರಲಿ.

ಅನೇಕಾಂತವಾದವೂ ಇಲ್ಲಿ ನೆರವಿಗೆ ಬರುತ್ತದೆ. ಬೆಳಗಿನ ತರಗತಿಯಿಂದ ಫಲಿತಾಂಶ ಬಂದಿತೆಂಬುದು ಒಂದು ನಯದಿಂದ ನಿಜ, ಸಂಜೆಯ ತರಗತಿಯಿಂದ ಬಂದಿತೆಂಬುದು ಇನ್ನೊಂದು ನಯದಿಂದ ನಿಜ. ‘ಇದರಿಂದಲೇ’ ಎಂದು ಹಟ ಹಿಡಿದಾಗ ಎರಡೂ ಸುಳ್ಳಾದವು. ‘ಇದರಿಂದಲೂ’ ಎಂದಿದ್ದರೆ ಎರಡೂ ಉಳಿಯುತ್ತಿದ್ದವು. ಎದುರಿನವರ ಮಾತನ್ನು ಅವರು ಒಪ್ಪುವಂತೆ ಮೊದಲು ನಾವೇ ಹೇಳಿ, ಬಳಿಕ ನಮ್ಮ ಮಾತನ್ನು ಹೇಳುವುದು ಇದರ ಅಭ್ಯಾಸ. ಹಾಗೆಂದು ಕ್ಷಮೆಯೆಂದರೆ ಅನ್ಯಾಯವನ್ನು ಮುಚ್ಚಿಡುವುದಲ್ಲ. ಹಣದ ದುರುಪಯೋಗ, ದುರ್ಬಲರ ಮೇಲಿನ ದಬ್ಬಾಳಿಕೆ ಕಂಡಾಗ ಸಲ್ಲಬೇಕಾದಲ್ಲಿಗೆ ದೂರು ಸಲ್ಲಿಸುವುದು ಕರ್ತವ್ಯ. ಆಗಲೂ ದೂರಿನಲ್ಲಿ ಸತ್ಯವಿರಲಿ, ದ್ವೇಷ ಬೇಡ.

ಸಂಜೆ ಕೆಲಸ ಮುಗಿಸಿ ಹೊರಡುವ ಮುನ್ನ ಎರಡು ನಿಮಿಷ ಪ್ರತಿಕ್ರಮಣದ ಭಾವದಿಂದ ಕುಳಿತು ನೋಡೋಣ. ಇಂದು ಯಾರ ಮೇಲೆ ಗೆರೆ ಎಳೆದೆ? ಅದು ಇನ್ನೂ ನೀರಿನ ಮೇಲಿದೆಯೇ, ಧೂಳಿಗೆ ಇಳಿದಿದೆಯೇ? ಯಾರ ದುಡಿಮೆಯ ಹೆಸರನ್ನು ನಾನು ಇಟ್ಟುಕೊಂಡೆ? ಉತ್ತರ ಸಿಕ್ಕ ದಿನವೇ ಅವರ ಮೇಜಿನ ಬಳಿಗೆ ಹೋಗೋಣ. ಕ್ಷಮಾವಣಿಗೆ ವರ್ಷದಲ್ಲಿ ಒಂದು ದಿನ ನಿಗದಿಯಾಗಿದೆ ನಿಜ. ಆದರೆ ಅಷ್ಟು ದಿನ ಕಾಯುವಷ್ಟು ಕಾಲಾವಕಾಶ ನಮ್ಮ ಕ್ರೋಧಕ್ಕಿಲ್ಲ.